ಬೀಗಪ್ಪ ಉಣ್ಣದ ಮಳೆಗಾಲ

ಮೊನ್ನೆ ಹಮ್ಮಿಗಿಯಲ್ಲಿ ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಮನೆಗೆ ಹೋಗಿದ್ದೆ. ಕಟ್ಟೆಯ ಬಳಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಜೋಳದ ನುಚ್ಚು ಕುದಿಯುವ ವಾಸನೆ ಬಂತು. ತಳ ಸ್ವಲ್ಪ ಹತ್ತಿತ್ತು. ತಳ ಹತ್ತಿದ ನುಚ್ಚಿನ ವಾಸನೆ ಎಲ್ಲಿ ಬಂದರೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. "ಯಾಕವಾ, ಬಾಗಲದಾಗ ನಿಂತಿ? ಒಳಗ ಬಾ, ನುಚ್ಚು ಮಜ್ಜಿಗಿ ಉಣ್ಣು" ಎಂದು ಆ ಮನೆಯ ಅಜ್ಜಿ ಕರೆದರು. ಕೂತೆ. ಮೊದಲ ತುತ್ತಿಗೇ ಕಣ್ಣು ತುಂಬಿತು. ಅಜ್ಜಿ ಗಾಬರಿಯಾಗಿ, "ಖಾರ ಏನೂ ಹಾಕಿಲ್ಲಲ್ಲವಾ" ಎಂದರು. ಖಾರ ಅಲ್ಲ, ಬಿಸಿ ಎಂದೆ. ಉಣ್ಣಲು ಕರೆದವರ ಮುಂದೆ ಅಂಥ ಕತೆಯನ್ನೆಲ್ಲ ಬಿಚ್ಚಿ ಕೂರಲಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ನಾನು ಮುಂಡರಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ಶಿರಹಟ್ಟಿಯಲ್ಲಿದ್ದೆ. ಬೆಟಗೇರಿಯ ನಮ್ಮ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಓಡಾಟ. ಮನೆಯೆಂದರೆ ಹಿಂದೆ ಎರಡು ಕೋಣೆ, ಮುಂದೆ ಅಪ್ಪನ ಖಾನಾವಳಿ. ಮಗ್ಗದವರು, ಸಂತೆಗೆ ಬಂದ ಹರ್ತಿಯವರು, ಕೋರ್ಟು ಕಚೇರಿ ಎಂದು ಬಂದ ಅಂತೂರ ಬೆಂತೂರದವರು ಎಲ್ಲ ಅಲ್ಲೇ ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಕಾಳು, ಶೇಂಗಾ ಚಟ್ನಿ. ರೊಟ್ಟಿ ಬಡಿಯಲು ಅವ್ವನ ಜೊತೆ ಇಬ್ಬರು ಹೆಂಗಸರಿದ್ದರು. ಅಪ್ಪನದು ಒಂದೇ ಕೆಲಸ, ಆದರೆ ಅದೇ ದೊಡ್ಡ ಕೆಲಸ ಎಂದು ಅವನ ನಂಬಿಕೆ. ಮೊದಲ ಗಿರಾಕಿಗೆ ತಾಟು ಇಡುವ ಮುಂಚೆ ಅಪ್ಪ ಬಿಸಿ ರೊಟ್ಟಿಯ ಅಂಚು ಮುರಿದು, ಒಂದೊಂದೇ ಪಾತ್ರೆಯಲ್ಲಿ ಅದ್ದಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು ಹೇಳಬೇಕು: "ಹಾಂ, ಆತು. ಬಡಸ್ರಿ." ಈ ಮಾತು ಬರುವ ತನಕ ಎಂಥ ಹಸಿದ ಗಿರಾಕಿಯೂ ಕಾಯಬೇಕು. ಒಮ್ಮೆ ಬಸ್ಸು ತಪ್ಪುತ್ತದೆ ಎಂದು ಗದ್ದಲ ಎಬ್ಬಿಸಿದವರೊಬ್ಬರಿಗೆ ಅಪ್ಪ ಅಗಿಯುತ್ತಲೇ ಕೈ ತೋರಿಸಿ ಕೂರಿಸಿದ್ದ. "ನಾವು ಉಣ್ಣದ್ದು ಮಂದಿಗೆ ಉಣ್ಣಸಬಾರದು" ಎನ್ನುವುದು ಅವನ ವೇದಾಂತ.

ಅಂಥವನ ಗಂಟಲಿಗೇ ರೋಗ ಬಂತು. ಬೇಸಿಗೆಯಲ್ಲಿ, ಏನೋ ಸಿಕ್ಕಿಕೊಂಡಂತಾಗುತ್ತದೆ ಎನ್ನುತ್ತಿದ್ದ. ಅವ್ವ ಬೆಲ್ಲದ ಕಷಾಯ ಮಾಡಿ ಕೊಟ್ಟಳು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ತುಂಡು ತೆಗೆದು ನೋಡಿ ಕ್ಯಾನ್ಸರ್ ಎಂದರು. ಕರೆಂಟು ಕೊಡುವುದು ಎಂದು ನಮ್ಮ ಕಡೆ ಹೇಳುವ ವಿಕಿರಣ ಚಿಕಿತ್ಸೆ ಶುರುವಾಯಿತು. ವೈದ್ಯರು ನನ್ನನ್ನು ಕರೆದು, "ಕರೆಂಟ್ ಮುಗಿಯೂ ತನಕ ಅವರ ತೂಕ ಇಳೀಬಾರದು ನೋಡ್ರಿ. ಊಟ ಬಿಟ್ರ ಮೂಗಿನ್ಯಾಗ ನಳಿ ಹಾಕಬೇಕಾಕ್ಕೈತಿ. ಇನ್ನೂ ಸೊರಗಿದ್ರ ಕರೆಂಟೂ ನಿಲ್ಲಸಬೇಕಾಕ್ಕೈತಿ" ಎಂದರು. ಬರುವಾಗ ರೈಲಿನಲ್ಲಿ ಇದನ್ನು ಹೇಳಿದರೆ ಅಪ್ಪ ನಕ್ಕ. "ಖಾನಾವಳಿ ಮಾಲಕ ಮೂಗಿಲೆ ಉಂಡಾ ಅಂದ್ರ ಗಿರಾಕಿ ಬರೂದಿಲ್ಲವಾ ಸುನಂದಾ" ಎಂದ. ನನಗೆ ನಗು ಬರಲಿಲ್ಲ.

ಮುಂಗಾರು ಹತ್ತುವ ಹೊತ್ತಿಗೆ ಅಪ್ಪನ ಬಾಯಿ ಹುಣ್ಣಾಯಿತು, ನಾಲಿಗೆಯ ರುಚಿ ಹೋಯಿತು. ಏನಿಟ್ಟರೂ "ಮಣ್ಣ ತಿಂದಂಗ ಆಕ್ಕೈತಿ" ಎಂದು ತಾಟು ಸರಿಸುವನು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆ ಕೆಲಸಕ್ಕೆ ಬರಲಿಲ್ಲ. ಆದರೂ ಅವ್ವ ದಿನಾ ಹೊತ್ತೇರುವಾಗ ಹಿಂದಿನ ಕೋಣೆಗೆ ಒಂದು ಸಣ್ಣ ತಾಟಿನಲ್ಲಿ ಎಲ್ಲವನ್ನೂ ಚೂರು ಚೂರು ಒಯ್ಯುತ್ತಿದ್ದಳು. ಅಪ್ಪ ಬೆರಳಿನಿಂದ ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಹಾಂ, ಆತು. ಬಡಸ್ರಿ" ಎನ್ನುವನು. ಅವನಿಗೆ ಉಪ್ಪೂ ಗೊತ್ತಾಗುತ್ತಿರಲಿಲ್ಲ, ಹುಳಿಯೂ ಗೊತ್ತಾಗುತ್ತಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು. ಅವ್ವನಿಗೆ ಗೊತ್ತಿದೆ ಎನ್ನುವುದು ಅಪ್ಪನಿಗೂ ಗೊತ್ತಿತ್ತು.

ನಾಯಿಮರಿ ಬಂದದ್ದು ಆಗಲೇ. ನಮ್ಮ ಮಗ್ಗುಲಲ್ಲೇ ಮಮ್ತಾಜ ಚಾಚಿಯ ಗಾದಿ ಅಂಗಡಿ. ಹತ್ತಿ ಚೀಲಗಳ ಸಂದಿಯಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ತಾಯಿ ಟೆಂಪೋ ಕೆಳಗೆ ಸಿಕ್ಕು ಸತ್ತಿತು. ಉಳಿದ ಮರಿಗಳನ್ನು ಯಾರು ಯಾರೋ ಒಯ್ದರು, ಕಂದು ಬಣ್ಣದ ಒಂದು ಬಡಕಲು ಮರಿ ಮಾತ್ರ ಉಳಿಯಿತು. ಚಾಚಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಶಾಂತಕ್ಕಾ, ನಿಮ್ಮಲ್ಲಿ ಇಷ್ಟ ಮಂದಿ ಉಣ್ತಾರ. ಇದೊಂದ ಹೊಟ್ಟಿ ನಿಮಗ ಭಾರ ಆಗೂದಿಲ್ಲ ಬಿಡ್ರಿ" ಎಂದಳು. ಅವ್ವ, "ಇದ್ದ ಚಾಕರಿ ಸಾಲವಲ್ದ ಏನ್ ನನಗ" ಎಂದು ಗೊಣಗಿದಳು. ನನಗೂ ಸಿಟ್ಟೇ ಬಂದಿತ್ತು. ಅಪ್ಪ ಮಾತ್ರ ಮಂಚದ ಮೇಲಿಂದ ಕೈ ಚಾಚಿದ. ಬಿಡು, ಖಾನಾವಳಿಯಲ್ಲಿ ನಾಯಿಗೆ ಊಟದ ಚಿಂತೆಯೇ ಎಂದುಕೊಂಡೆ.

ಚಿಂತೆಯಾಯಿತು. ಆ ಮರಿ ಏನನ್ನೂ ತಿನ್ನಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಟ್ಟರೆ ಮೂಸಿ ಹಿಂದೆ ಸರಿಯಿತು. ಅನ್ನ ಮೊಸರು ಇಟ್ಟರೆ ಬಟ್ಟಲಿನ ಸುತ್ತ ಒಂದು ಸುತ್ತು ಹಾಕಿ ಮಲಗಿತು. ಬ್ರೆಡ್ಡು, ಬಿಸ್ಕತ್ತು, ಚಪಾತಿ ಎಲ್ಲಕ್ಕೂ ಅದೇ ಮುಖ. ಚಾಚಿ ತನ್ನ ಮನೆಯಲ್ಲಿ ಕೋಳಿಯ ಕಾಲು ಬೇಯಿಸಿ, ನಮ್ಮ ಒಲೆಗೆ ಸೋಂಕದ ಹಾಗೆ ಹಿತ್ತಲಿನ ಕಲ್ಲಿನ ಮೇಲೆ ಇಟ್ಟಳು. ಕೋಳಿಯ ಕಾಲನ್ನೂ ಬೇಡವೆನ್ನುವ ನಾಯಿಯನ್ನು ಬೆಟಗೇರಿ ಅದೇ ಮೊದಲು ಕಂಡಿತು. "ಅರೆ, ಇದೇನ್ ನಿಮ್ಮ ಮಂದೀನs ಆತಲ್ಲ!" ಎಂದು ಚಾಚಿ ಬಾಯಿಯ ಮೇಲೆ ಕೈ ಇಟ್ಟಳು. ದನದ ದವಾಖಾನೆಗೆ ಒಯ್ದೆ. ಜಂತಿನ ಔಷಧಿ ಕೊಟ್ಟು, ಬೇರೆ ಏನೂ ತೊಂದರೆ ಇಲ್ಲ, ಮರಿಗಳಿಗೆಂದೇ ಪಾಕೀಟಿನ ಆಹಾರ ಬರುತ್ತದೆ, ಅದನ್ನು ಕೊಟ್ಟು ನೋಡಿ ಎಂದರು. ಗದಗಿನ ಅಂಗಡಿಯಲ್ಲಿ ಆ ಚೀಲದ ಬೆಲೆ ಕೇಳಿ ಅದನ್ನು ಇದ್ದಲ್ಲೇ ಇಟ್ಟೆ. ದವಾಖಾನೆಗೆ ಹೋಗಿ ಬರುವ ಮನೆಗೆ ಅದು ಪ್ರತಿ ತಿಂಗಳೂ ನಿಭಾಯಿಸುವ ಮಾತಲ್ಲ. ಅಂಗಡಿಯವನೇ ನನ್ನ ಮುಖ ನೋಡಿ, "ಮೊದಲ ಸಣ್ಣ ಪಾಕೀಟ ಒಯ್ರಿ ಅಕ್ಕಾರ, ತಿಂದ್ರ ಆಮ್ಯಾಲ ನೋಡೂಣು" ಎಂದ. ತಂದು ಹಾಕಿದರೆ ಮರಿ ಒಂದೊಂದೇ ಕಾಳನ್ನು ಕಚ್ಚಿಕೊಂಡು ಹೋಗಿ ಅಪ್ಪನ ಮಂಚದ ಕೆಳಗಿನ ಗೋಣಿತಟ್ಟಿನಡಿ ಬಚ್ಚಿಟ್ಟಿತು. ತಿನ್ನಲಿಲ್ಲ.

ಅದನ್ನು ನೋಡಿ ಅಪ್ಪ ನಕ್ಕ. ತಿಂಗಳ ಮೇಲೆ ಅವನ ನಗು ಕೇಳಿದ್ದು ಅಂದೇ. "ಹೆಣ್ಣ ತಗೊಂಡ ಬೀಗರೂ ಇಷ್ಟ ದಿಮಾಕ ಮಾಡೂದಿಲ್ಲಲೇ" ಎಂದು ಅದಕ್ಕೆ ಬೀಗಪ್ಪ ಎಂದು ಹೆಸರಿಟ್ಟ. ಮದುವೆಯಲ್ಲಿ ಎಷ್ಟು ಬಡಿಸಿದರೂ ಮೂಗು ಮುರಿಯುವ ಬೀಗರನ್ನು ಕಂಡವರಿಗೆ ಆ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ.

ಆದರೆ ಬೀಗಪ್ಪನ ಪಕ್ಕೆಲುಬು ಎಣಿಸುವಂತಾಗಿತ್ತು. ಮಂಚದ ಮೇಲಿದ್ದವನದೂ ಅಷ್ಟೇ. ಒಂದು ಭಾನುವಾರ, ಜಿಟಿಜಿಟಿ ಮಳೆ. ಅವ್ವ ಜೋಳದ ನುಚ್ಚನ್ನು ಗಂಜಿಯ ಹಾಗೆ ಮೆತ್ತಗೆ ಕುದಿಸಿ, ಹುಣ್ಣಿಗೆ ಉರಿಯುತ್ತದೆಂದು ಉಪ್ಪು ಹಾಕದೆ, ಸ್ವಲ್ಪ ಹಾಲು ಬೆರೆಸಿ ತಂದಳು. ತಳ ಹತ್ತಿಸಿಕೊಂಡಿದ್ದಳು, ಮನಸ್ಸು ಎಲ್ಲೋ ಇತ್ತು. ಅಪ್ಪ ಬೇಡವೆಂದು ಕೈ ಆಡಿಸಿದ. ಅವ್ವ ಬಟ್ಟಲನ್ನು ಅಲ್ಲೇ ಇಟ್ಟು ಎದ್ದು ಹೋದಳು. ಬೀಗಪ್ಪ ಮಂಚದ ಕೆಳಗಿನಿಂದ ಬಂದು ಬಟ್ಟಲನ್ನು ನೋಡಿತು, ಅಪ್ಪನನ್ನು ನೋಡಿತು. "ನಿನಗೂ ಬ್ಯಾಡ, ನನಗೂ ಬ್ಯಾಡ" ಎಂದ ಅಪ್ಪ. ಆಮೇಲೆ ಏನನ್ನಿಸಿತೋ, ಒಂದು ಬೆರಳು ಅದ್ದಿ ಬಾಯಿಗೆ ಇಟ್ಟು, ಕಣ್ಣು ಮುಚ್ಚಿ, ಅಭ್ಯಾಸಬಲದಿಂದ, "ಹಾಂ, ಆತು. ಬಡಸ್ರಿ" ಎಂದು, ಸ್ವಲ್ಪ ನುಚ್ಚನ್ನು ಬಟ್ಟಲಿನ ಮುಚ್ಚಳಕ್ಕೆ ಸುರಿದು ಕೆಳಗಿಟ್ಟ. ಮರಿ ಮುಚ್ಚಳವನ್ನು ನೆಕ್ಕಿ ಗೋಡೆಯ ತನಕ ತಳ್ಳಿಕೊಂಡು ಹೋಯಿತು.

ನಾವು ಮೊದಲು ನುಚ್ಚಿನ ಮಹಿಮೆ ಎಂದುಕೊಂಡೆವು. ಮರುದಿನ ಅದೇ ನುಚ್ಚನ್ನು ನಾನು ಇಟ್ಟರೆ ಮುಟ್ಟಲಿಲ್ಲ. ಅಪ್ಪ ಬಾಯಿಗಿಟ್ಟು ಹೇಳಿದ ಮೇಲೆ ತಿಂದಿತು. ಎಳೆತನದಲ್ಲೇ ತಾಯಿಯನ್ನು ಕಳೆದುಕೊಂಡ ಪ್ರಾಣಿ, ಆ ಕೋಣೆಗೆ ಬಂದ ದಿನದಿಂದ ಒಂದೇ ಪದ್ಧತಿ ನೋಡಿತ್ತು. ಆ ಮನುಷ್ಯ ರುಚಿ ನೋಡಿ ಹೇಳುವ ತನಕ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಗಿರಾಕಿಗಳೆಲ್ಲ ಪಾಲಿಸುವ ಕಾನೂನನ್ನು ಅದೂ ಪಾಲಿಸಿತು. ಅವ್ವ ಇದನ್ನು ಅರ್ಥ ಮಾಡಿಕೊಂಡ ಗಳಿಗೆಯಲ್ಲೇ ಹಟ ಹಿಡಿದಳು: "ಬೆರಳ ನೆಕ್ಕಿದ್ರ ನಡಿಯೂದಿಲ್ಲ. ನೀವು ನಾಕ ತುತ್ತ ಉಂಡ್ರ ಅದಕ್ಕ ನಾಕ ತುತ್ತ ಹಾಕ್ತೀನಿ. ಇಲ್ಲಾಂದ್ರ ಅದೂ ಉಪವಾಸ." ಅಪ್ಪ ಅವಳನ್ನು ನೋಡಿದ, ಮರಿಯನ್ನು ನೋಡಿದ. "ಖರೇನ ಕಟುಕಿ ಅದಿ ನೀ" ಎಂದು ಬಟ್ಟಲು ಎತ್ತಿಕೊಂಡ.

ಹೀಗೆ ಆ ಮಳೆಗಾಲದಲ್ಲಿ ನಮ್ಮ ಮನೆಯ ಬಡವರ ಊಟವೇ ಇಬ್ಬರಿಗೂ ಔಷಧಿಯಾಯಿತು. ನುಚ್ಚು ಹಾಲು, ನುಚ್ಚು ಮಜ್ಜಿಗೆ, ಬೇಯಿಸಿ ಹಿಸುಕಿದ ಹೆಸರುಬೇಳೆ ಬೆರೆಸಿದ ನುಚ್ಚು. ಬೀಗಪ್ಪ ಬೆಳೆಯುವ ಮರಿ, ಅದಕ್ಕೆ ದಿನಕ್ಕೆ ಹಲವು ಸಲ ಹಸಿವು. ಹಸಿದಾಗಲೆಲ್ಲ ಮಂಚದ ಪಟ್ಟಿಯ ಮೇಲೆ ಮುಂಗಾಲಿಟ್ಟು ಅಪ್ಪನ ಮುಖ ನೋಡುವುದು. ಹುಣ್ಣು ಉರಿದು ಕಣ್ಣೀರು ಬರುತ್ತಿದ್ದರೂ ಅಪ್ಪ ನುಂಗುವನು. ನಾನು ಶಿರಹಟ್ಟಿಯಿಂದ ಬಸ್ಸಿಳಿದು, ಒದ್ದೆ ಛತ್ರಿಯನ್ನು ಬಾಗಿಲಲ್ಲಿ ಊರಿ, "ಬೀಗಪ್ಪ ಉಂಡಾನ?" ಎಂದು ಕೇಳುತ್ತಿದ್ದೆ. ಅಪ್ಪ ಉಂಡನೇ ಎಂದು ಅವನೆದುರೇ ಕೇಳುವ ಧೈರ್ಯ ನನಗಿರಲಿಲ್ಲ. "ಉಂಡಾನ" ಎಂದು ಅವ್ವ ಒಳಗಿನಿಂದ ಹೇಳಿದರೆ ನನಗೂ ಹಸಿವಾಗುತ್ತಿತ್ತು.

ಪಂಚಮಿಯ ಹೊತ್ತಿಗೆ ಒಂದು ತಂಟೆ ಬಂತು. ಮರಿಯ ಎಲುಬು ಗಟ್ಟಿಯಾಗಬೇಕು, ಕೋಳಿಯ ತತ್ತಿ ಕೊಡಿ ಎಂದು ದನದ ವೈದ್ಯರು ಹೇಳಿದ್ದರು. ಅತ್ತ ಹುಬ್ಬಳ್ಳಿಯವರೂ ಅಪ್ಪನಿಗೆ ತತ್ತಿಯನ್ನೇ ಹೇಳಿದ್ದರು. ಅಪ್ಪ ಜನ್ಮದಲ್ಲಿ ಮುಟ್ಟಿದವನಲ್ಲ. ಖಾನಾವಳಿಯ ಫಲಕದಲ್ಲಿ ಶುದ್ಧ ಸಸ್ಯಾಹಾರಿ ಎಂದು ಬರೆದಿತ್ತು. ಚಾಚಿ ಬೇಯಿಸಿದ ತತ್ತಿಯನ್ನು ಡಬ್ಬಿಯಲ್ಲಿ ತಂದು ಬೀಗಪ್ಪನ ಮುಂದಿಟ್ಟಳು. ಬೀಗಪ್ಪ ಅಪ್ಪನ ಮುಖ ನೋಡಿತು. ಕೋಣೆಯಲ್ಲಿ ನಾವೆಲ್ಲರೂ ಅಪ್ಪನ ಮುಖ ನೋಡಿದೆವು. ಕೊನೆಗೆ ಅಪ್ಪ ಚಾಚಿಗೆ, "ತಂಗಿ, ಒಂದ ಚೂರ ಮುರದ ಕೊಡವಾ ಇಲ್ಲೆ" ಎಂದ. ಅವ್ವ ಗೋಡೆಯ ಕಡೆ ತಿರುಗಿ ನಿಂತು, "ನಾ ಏನೂ ನೋಡಿಲ್ಲ" ಎಂದಳು. ಅಂದಿನಿಂದ ದಿನಾ ಆ ಹೊತ್ತಿಗೆ ಅವ್ವನಿಗೆ ಗೋಡೆಯ ಕಡೆ ಏನಾದರೂ ಕೆಲಸವಿರುತ್ತಿತ್ತು.

ಕರೆಂಟು ಮುಗಿಯಿತು. ತೂಕ ಇಳಿಯಲಿಲ್ಲ, ನಳಿ ಬೇಕಾಗಲಿಲ್ಲ. ವೈದ್ಯರು ಭೇಷ್ ಎಂದರು. ಆಗ ಹೆಸರು ಕೊಯ್ಲಿನ ಕಾಲ. ಶಿರಹಟ್ಟಿಯ ದಾರಿಯಲ್ಲಿ ರೈತರು ಹೆಸರಿನ ಬಳ್ಳಿಯನ್ನು ರಸ್ತೆಯ ಮೇಲೇ ಹರವಿರುತ್ತಿದ್ದರು, ನಮ್ಮ ಬಸ್ಸು ಅದರ ಮೇಲೆ ಮೆತ್ತಗೆ ಹೋಗುವಾಗ ಕಾಯಿ ಸಿಡಿಯುವ ಸದ್ದು ಕೇಳುತ್ತಿತ್ತು. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಮೋಡ ಕೂತಿರುತ್ತಿತ್ತು. ಆ ಕೆಲವು ವಾರ ನಾನು ಬಸ್ಸಿನ ಕಿಟಕಿಯಲ್ಲಿ ಕೂತು, ಅಪ್ಪ ಮತ್ತೆ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದನ್ನು ಕಣ್ಣ ಮುಂದೆ ತಂದುಕೊಂಡು ಸುಖಪಟ್ಟೆ. ಈಗಲೂ ಹಸಿ ಹೆಸರುಕಾಯಿ ತಿನ್ನುವಾಗ ಆ ಸುಖದ ನೆನಪಾಗಿ ಸಂಕಟವಾಗುತ್ತದೆ.

ಸ್ಕ್ಯಾನಿನಲ್ಲಿ ರೋಗ ಪುಪ್ಪುಸಕ್ಕೆ ಇಳಿದಿದೆ ಎಂದು ಬಂತು. ಇನ್ನು ಮಾಡುವುದೇನಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಪ್ಪನಿಗೆ ಹೇಳಬೇಕಾಗಲಿಲ್ಲ, ನನ್ನ ಮುಖವೇ ಹೇಳಿರಬೇಕು. ರೈಲು ಅಣ್ಣಿಗೇರಿ ದಾಟಿದ ಮೇಲೆ, "ಬೀಗಪ್ಪಗ ಇನ್ನ ಬ್ಯಾರೆ ಯಾರರ ರುಚಿ ನೋಡಿ ಹೇಳಬೇಕು" ಎಂದ ಅಷ್ಟೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ.

ಮನೆಗೆ ಬಂದ ಮೇಲೆ ಅಪ್ಪ ನನ್ನಿಂದ ಹೇಳಿಸಿ ನೋಡಿದ. ನಾನು ನುಚ್ಚು ಬಾಯಿಗಿಟ್ಟು, "ಹಾಂ, ಆತು, ಬಡಸ್ರಿ" ಎಂದರೆ ಬೀಗಪ್ಪ ಹಿಂದಿನ ಬೆಂಚಿನ ಹುಡುಗರ ಹಾಗೆ ನನ್ನನ್ನು ನೋಡಿ ಆಕಳಿಸಿತು. "ಮಾಸ್ತರಕಿ ದನಿ ಬ್ಯಾಡಲೇ" ಎಂದು ಅಪ್ಪ ನಕ್ಕು, ಅವ್ವನ ಕಡೆ ತಿರುಗಿದ. "ನೀ ಹೇಳ ಶಾಂತಾ. ಅದಕ್ಕೂ ಬೇಕು, ಖಾನಾವಳಿಗೂ ಬೇಕು. ನೀ ರುಚಿ ನೋಡಿ ಹೇಳಾಕ ಕಲಿ." ಅವ್ವ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ನಾ ಯಾಕ ಹೇಳ್ಲಿ? ಹೇಳಾವ್ರು ಇಲ್ಲೇ ಕುಂತಿಲ್ಲೇನ? ನಾ ಹೇಳೂದಿಲ್ಲ. ಮತ್ತ ಈ ಮಾತ ತಗೀಬ್ಯಾಡ್ರಿ" ಎಂದು ಒಲೆಯ ಮುಂದೆ ಹೋಗಿ ಕೂತಳು. ಆ ಮಾತನ್ನು ಹೇಳಿದರೆ ಅಪ್ಪನನ್ನು ತಾನೇ ಬೀಳ್ಕೊಟ್ಟ ಹಾಗೆ ಎಂದು ಅವಳಿಗೆ ಅನ್ನಿಸಿತ್ತು. ಅಪ್ಪ ಎಷ್ಟೋ ಸಲ ಕೇಳಿದ. ಅವಳು ಕೊನೆಯ ತನಕ ಹೇಳಲೇ ಇಲ್ಲ.

ಗಣಪತಿ ಹೋದ ಮೇಲೆ ಅಪ್ಪನ ಊಟ ಇಳಿಯತೊಡಗಿತು. ಮೊದಲು ನಾಲ್ಕು ತುತ್ತು ಉಣ್ಣುತ್ತಿದ್ದವನು ಒಂದೇ ತುತ್ತಿಗೆ ಬಂದ. ಆಮೇಲೆ ಬೆರಳು ನೆಕ್ಕಿದ. ಆಮೇಲೆ ತುಟಿಗೆ ಮುಟ್ಟಿಸಿದ. ದನಿಯೂ ಹೋದ ಮೇಲೆ ಬಟ್ಟಲ ಕಡೆ ಕೈ ಎತ್ತುತ್ತಿದ್ದ, ಅಷ್ಟಕ್ಕೇ ಬೀಗಪ್ಪ ತಿನ್ನುತ್ತಿತ್ತು. ಬೀಗಪ್ಪ ತುಂಬಿಕೊಂಡು ಮೈಕೈ ಮಿರಿಮಿರಿ ಎನ್ನುತ್ತಿತ್ತು. ಅಪ್ಪನ ಕೈ ಕಡ್ಡಿಯಾಗಿತ್ತು. ಒಂದು ಬೆಳಗ್ಗೆ, ಓಣಿಯಲ್ಲಿ ಮಗ್ಗಗಳು ಆಗಷ್ಟೇ ಶುರುವಾಗಿದ್ದವು, ಅವ್ವ ಬಟ್ಟಲು ತಂದಿಟ್ಟಳು. ಬೀಗಪ್ಪ ಮಂಚದ ಪಟ್ಟಿಗೆ ಮುಂಗಾಲಿಟ್ಟು ಕಾಯಿತು. ಕೈ ಏಳಲಿಲ್ಲ.

ಖಾನಾವಳಿಯ ಬಾಗಿಲು ಹಾಕಿದೆವು. ಅವ್ವ ಉಣ್ಣಲಿಲ್ಲ. ಚಾಚಿ ಚಹಾದಲ್ಲಿ ಬ್ರೆಡ್ಡು ಅದ್ದಿ ಬಾಯಿಗೆ ಹಿಡಿದರೂ ತುಟಿ ಬಿಚ್ಚಲಿಲ್ಲ. ಬೀಗಪ್ಪ ಮಂಚದ ಕೆಳಗಿನಿಂದ ಹೊರಬರಲಿಲ್ಲ. ಚಮಚದಲ್ಲಿ ಹಾಲು ಹಾಕಿದರೆ ಬಾಯಿಯ ಬದಿಯಿಂದ ಚೆಲ್ಲಿತು. ಚಾಚಿ ನನ್ನನ್ನು ಹಿತ್ತಲಿಗೆ ಕರೆದು, "ಬೇಟಾ, ಅಣ್ಣಾರ ಅಂತೂ ಹ್ವಾದ್ರು. ಈ ಎರಡ ಜೀವದ್ದು ಏನ್ ಮಾಡೂದು?" ಎಂದು ಅತ್ತಳು. ನನಗೂ ಅದೇ ಭಯವಿತ್ತು. ಒಂದು ಸಾವು ನೋಡಿದ ಮನೆಯಲ್ಲಿ ಇನ್ನೊಂದರ ಭಯ ಬಹಳ ಸುಲಭವಾಗಿ ಬರುತ್ತದೆ.

ಮೂರನೆಯ ದಿನ ಎಡೆ. ಲಕ್ಷ್ಮೇಶ್ವರದಿಂದ ಬಂದಿದ್ದ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಎಲ್ಲ ನಿಂತು ಮಾಡಿಸಿದಳು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಫೋಟೋದ ಮುಂದಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು ನಮ್ಮ ಮನೆತನದ ಪದ್ಧತಿ. ಹೋದವರು ಬಂದು ಉಂಡು ಹೋಗುವ ತನಕ ಯಾರೂ ಇಣುಕುವಂತಿಲ್ಲ. ಹೋಳಿಗೆ, ರೊಟ್ಟಿ, ಬದನೆಕಾಯಿ, ಚಟ್ನಿ ಎಲ್ಲ ಆಯಿತು. ಅವ್ವ ಎದ್ದು ಹೋಗಿ, ತಾನೇ ಕುದಿಸಿದ ಉಪ್ಪಿಲ್ಲದ ನುಚ್ಚನ್ನು ಎಲೆಯ ನಡುವೆ ಇಟ್ಟು ಬಂದಳು. ದೊಡ್ಡತ್ತೆ ಅಪ್ಪನ ಕೋಣೆಯ ಬಾಗಿಲು ಎಳೆದುಕೊಂಡಳು. ಮಂಚದ ಕೆಳಗೊಂದು ಜೀವವಿದೆ ಎನ್ನುವುದು ಆ ಗಡಿಬಿಡಿಯಲ್ಲಿ ಯಾರ ನೆನಪಿಗೂ ಬರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತಾಗ ನನಗೆ ಥಟ್ಟನೆ ಹೊಳೆಯಿತು. "ಅಯ್ಯ, ಬೀಗಪ್ಪ ಒಳಗs ಐತಿ!" ಎಂದೆ. ದೊಡ್ಡತ್ತೆ ತಲೆ ಚಚ್ಚಿಕೊಂಡಳು. "ಕೆಟ್ಟ ಹೋತಲ್ಲs! ತಮ್ಮನ ಎಡಿ ನಾಯಿ ತಿಂತಲ್ಲೋ ಶಿವನ" ಎನ್ನುತ್ತ ಓಡಿ ಬಾಗಿಲು ನೂಕಿದಳು.

ಎಲೆ ಇಟ್ಟ ಹಾಗೇ ಇತ್ತು. ಹೋಳಿಗೆಯ ಮೇಲಿನ ತುಪ್ಪ ಕೂಡ ಕದಲಿರಲಿಲ್ಲ. ಅದರ ಮುಂದೆ ಬೀಗಪ್ಪ ಮುಂಗಾಲು ಜೋಡಿಸಿ ಕೂತಿತ್ತು. ಹಸಿವಿಗೆ ಮೈ ನಡುಗುತ್ತಿತ್ತು, ಜೊಲ್ಲು ನೆಲಕ್ಕೆ ಇಳಿದಿತ್ತು. ಒಮ್ಮೆ ಎಲೆಯನ್ನು ನೋಡುವುದು, ಒಮ್ಮೆ ಖಾಲಿ ಮಂಚವನ್ನು ನೋಡುವುದು. ಉಣ್ಣಲು ಹೇಳುವವರು ಇನ್ನೂ ಬಂದಿರಲಿಲ್ಲ.

ದೊಡ್ಡತ್ತೆ ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಅವ್ವ ಎಲ್ಲರನ್ನೂ ಸರಿಸಿಕೊಂಡು ಒಳಗೆ ಬಂದು, ಎಲೆಯ ಮುಂದೆ ನೆಲದ ಮೇಲೆ ಕೂತಳು. ಎಡೆಯ ನಡುವಿನ ನುಚ್ಚಿನಲ್ಲಿ ಒಂದು ತುತ್ತು ಎತ್ತಿ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಅಪ್ಪನಿಗೆಂದು ಅಷ್ಟು ದಿನ ಕುದಿಸಿದವಳು ತಾನು ಒಮ್ಮೆಯೂ ಅದನ್ನು ಬಾಯಿಗಿಟ್ಟು ನೋಡಿರಲಿಲ್ಲ. ಫೋಟೋದ ಕಡೆ ತಲೆ ಎತ್ತಿ, "ಇಷ್ಟ ಸಪ್ಪಂದ ಉಂಡ್ರೇನ ನೀವು, ಇಷ್ಟ ದಿನ?" ಎಂದಳು. ಅವಳ ಕಣ್ಣೀರು ಗಲ್ಲದಿಂದ ಎಲೆಯ ಅಂಚಿಗೆ ಬಿದ್ದಿತು.

ಆಮೇಲೆ ಕಣ್ಣು ಮುಚ್ಚಿ, ಅಪ್ಪ ಅಷ್ಟು ಬೇಡಿಕೊಂಡರೂ ಹೇಳದ ಮಾತನ್ನು ಅವ್ವ ಹೇಳಿದಳು.

"ಹಾಂ, ಆತು. ಬಡಸ್ರಿ."

ಬೀಗಪ್ಪ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿತು.